ಮನೆಯಲ್ಲಿ ಮಾತು ನಿಂತುಹೋದಾಗ: ಬೈಬಲ್ ಹಿಡಿದು ದಾರಿ ಹುಡುಕುವುದು ಹೇಗೆ

ಮನೆ ಜಗಳದ ಬಗ್ಗೆ ಬೈಬಲ್ ಏನು ಹೇಳುತ್ತದೆ ಎಂದು ಯಾರನ್ನಾದರೂ ಕೇಳಿ. "ಕ್ಷಮಿಸಿಬಿಡಿ" ಎಂಬ ಒಂದೇ ಉತ್ತರ ಬರುತ್ತದೆ. ಉತ್ತರ ಸರಿಯೇ. ಆದರೆ ಯಾರು ಮೊದಲು ಬಾಯಿ ತೆರೆಯಬೇಕು, ಎಲ್ಲಿ ಕೂತು ಮಾತಾಡಬೇಕು, ಕ್ಷಮಿಸಿದ ಮೇಲೆ ಮೊದಲಿನ ಹಾಗೇ ಇರಲೇಬೇಕಾ ಎಂದು ಕೇಳಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಈ ಪ್ರಶ್ನೆಗಳಿಗೂ ಬೈಬಲಿನಲ್ಲಿ ಉತ್ತರ ಇದೆ. ಆಜ್ಞೆಗಳಲ್ಲಿ ಸ್ವಲ್ಪ, ಕಥೆಗಳಲ್ಲಿ ಜಾಸ್ತಿ.

ನಾನು ನಮ್ಮ ಕ್ರೈಸ್ತ ಸಭೆಯಲ್ಲಿ ಹೆಂಗಸರ ಬೈಬಲ್ ಅಧ್ಯಯನ ನಡೆಸುತ್ತೇನೆ. ಪಾಠ ಮುಗಿದು ಎಲ್ಲರೂ ಹೊರಟ ಮೇಲೆ ಯಾರೋ ಒಬ್ಬರು ಕುರ್ಚಿ ಸರಿಮಾಡುತ್ತಾ ಉಳಿಯುತ್ತಾರೆ. "ಅಕ್ಕಾ, ನನ್ನ ತಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾನೆ." "ಮಗಳು ಫೋನ್ ಎತ್ತುತ್ತಿಲ್ಲ." ಹೆಚ್ಚಿನವರು ಜಗಳದ ಬಗ್ಗೆ ಅಳುವುದಿಲ್ಲ, ಮಾತು ನಿಂತದ್ದಕ್ಕೆ ಅಳುತ್ತಾರೆ. ಅವರ ಜೊತೆ ಕೂತು ಓದಿ ಓದಿ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಬೈಬಲಿನ ಮನೆಗಳಲ್ಲಿ ಜಗಳ ಮಾಡಿದವರು ಉಳಿದುಕೊಂಡಿದ್ದಾರೆ. ಮಾತು ನಿಲ್ಲಿಸಿ ಒಳಗೇ ಇಟ್ಟುಕೊಂಡ ಮನೆಗಳಲ್ಲಿ ರಕ್ತ ಹರಿದಿದೆ. ಹಾಗಾಗಿ ಮಾತನ್ನು ಮತ್ತೆ ಶುರು ಮಾಡುವುದು ಹೇಗೆ ಎಂಬುದನ್ನೇ ಇಲ್ಲಿ ಹೇಳುತ್ತೇನೆ.

ವಚನ ಬೇಡ, ಮೊದಲು ಕಥೆ ಓದಿ

ಕೋಪದಲ್ಲಿರುವಾಗ ಒಂದೊಂದೇ ವಚನ ಹುಡುಕಬೇಡಿ. ಆಗ ನಮ್ಮ ಕಣ್ಣಿಗೆ ಬೀಳುವುದು ಎದುರಿನವರಿಗೆ ಹೇಳಬೇಕಾದ ವಚನ ಮಾತ್ರ. ನಿಮ್ಮ ಜಗಳಕ್ಕೆ ಹತ್ತಿರವಾದ ಕಥೆಯನ್ನು ಪೂರ್ತಿ ಓದಿ.

ಜಾಗ, ಆಸ್ತಿಯ ವಿಷಯವಾದರೆ ಆದಿಕಾಂಡ 13ನೇ ಅಧ್ಯಾಯ, ಅಬ್ರಾಮ ಮತ್ತು ಅವನ ಸಹೋದರನ ಮಗ ಲೋಟ. ತಂದೆತಾಯಿ ಒಬ್ಬರನ್ನು ಜಾಸ್ತಿ ಪ್ರೀತಿಸಿದ್ದಾದರೆ 25 ಮತ್ತು 27ನೇ ಅಧ್ಯಾಯ, ಏಸಾವ ಮತ್ತು ಯಾಕೋಬ. ಮಾವ ಅಳಿಯಂದಿರ ನಡುವೆ ಲೆಕ್ಕದ ಜಗಳವಾದರೆ 29ರಿಂದ 31, ಲಾಬಾನ ಮತ್ತು ಯಾಕೋಬ. "ಎಲ್ಲ ಕೆಲಸ ನಾನೇ ಮಾಡಬೇಕು" ಎಂಬ ನೋವಾದರೆ ಲೂಕ 10ರ ಅಕ್ಕತಂಗಿ ಮಾರ್ಥ ಮತ್ತು ಮರಿಯ. ಒಡಹುಟ್ಟಿದವರ ಏಳಿಗೆ ಕಂಡು ಹೊಟ್ಟೆ ಉರಿದದ್ದಾದರೆ ಅರಣ್ಯಕಾಂಡ 12, ಮೋಶೆಯ ಮೇಲೆ ಮಾತೆತ್ತಿದ ಮಿರ್ಯಾಮ ಮತ್ತು ಆರೋನ. ಎಲ್ಲವೂ ಕಲಸಿಹೋಗಿದ್ದರೆ ಆದಿಕಾಂಡ 37ರಿಂದ 50, ಅಣ್ಣಂದಿರೇ ಮಾರಿಬಿಟ್ಟ ಯೋಸೇಫ.

ಎರಡು ಸಲ ಓದಿ. ಮೊದಲ ಸಲ ನಿಮ್ಮ ಜಾಗದಲ್ಲಿ ನಿಂತು, ಎರಡನೇ ಸಲ ನಿಮಗೆ ಕೋಪ ಇರುವವರ ಜಾಗದಲ್ಲಿ ನಿಂತು. ನಮ್ಮ ಕೂಟದಲ್ಲಿ ಎಲ್ಲರೂ ತಮ್ಮನ್ನು ಯೋಸೇಫ ಎಂದೇ ಅಂದುಕೊಂಡು ಬರುತ್ತಾರೆ. ಅಣ್ಣಂದಿರ ಪಕ್ಕದಲ್ಲಿ ನಿಂತು ನೋಡಿದರೆ ಬೇರೆಯೇ ಕಾಣಿಸುತ್ತದೆ. ಅಪ್ಪ ತಮ್ಮನಿಗೆ ಮಾತ್ರ ಚಂದದ ಅಂಗಿ ಮಾಡಿಸಿಕೊಟ್ಟ. ತಮ್ಮ ಇವರ ಮೇಲೆ ಚಾಡಿ ಹೇಳಿದ. ನೀವೆಲ್ಲ ನನಗೆ ಅಡ್ಡಬೀಳುವ ಕನಸು ಬಿತ್ತು ಎಂದು ಬಂದು ಹೇಳಿದ. ಅವರು ಮಾಡಿದ್ದು ಮಹಾ ಕೆಟ್ಟ ಕೆಲಸ. ಆದರೂ ಅವರ ನೋವು ಸುಳ್ಳಲ್ಲ.

ಕಥೆ ಆದ ಮೇಲೆ ಆಜ್ಞೆಗಳಿಗೆ ಬನ್ನಿ. ಎಫೆಸದವರಿಗೆ ಬರೆದ ಪತ್ರದ 5 ಮತ್ತು 6ನೇ ಅಧ್ಯಾಯ, ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯ ತೆಗೆಯಿರಿ. ಅಲ್ಲಿ ಪೌಲ ಹೆಂಡತಿಗೆ ಬೇರೆ, ಗಂಡನಿಗೆ ಬೇರೆ, ಮಕ್ಕಳಿಗೆ ಬೇರೆ, ತಂದೆಗೆ ಬೇರೆ ಮಾತು ಹೇಳುತ್ತಾನೆ. ಒಂದೇ ಮನೆಗೆ ಬಂದ ನಾಲ್ಕು ಕಾಗದಗಳಿದ್ದ ಹಾಗೆ. ನಿಮ್ಮ ಹೆಸರಿನದನ್ನು ಮಾತ್ರ ಒಡೆಯಿರಿ. ಗಂಡ ಓದಬೇಕಾದದ್ದು "ಕ್ರಿಸ್ತನು ಸಭೆಯನ್ನು ಪ್ರೀತಿಸಿದಂತೆ ಹೆಂಡತಿಯನ್ನು ಪ್ರೀತಿಸು" ಎಂಬುದನ್ನು. ಹೆಂಡತಿಯ ಅಧೀನತೆಯ ವಚನವನ್ನು ಅವಳಿಗೆ ಓದಿ ಹೇಳುವುದು ಅವನ ಕೆಲಸವಲ್ಲ. ತಂದೆ ಓದಬೇಕಾದದ್ದು "ಮಕ್ಕಳನ್ನು ಕೆಣಕಿ ಕೋಪ ಎಬ್ಬಿಸಬೇಡಿ, ಅವರ ಮನಸ್ಸು ಕುಗ್ಗೀತು" ಎಂಬುದನ್ನು. ಈ ಒಂದು ನಿಯಮ ಪಾಲಿಸಿದರೆ ಬೈಬಲ್ ಮನೆಯಲ್ಲಿ ಆಯುಧವಾಗುವುದು ನಿಲ್ಲುತ್ತದೆ. ಇದನ್ನು ನಾನು ಕೂಟದಲ್ಲಿ ಮತ್ತೆ ಮತ್ತೆ ಹೇಳುತ್ತೇನೆ.

ಮಾತು ಎಲ್ಲಿ ನಿಂತಿತು ಎಂದು ನೋಡಿ

ಆದಿಕಾಂಡ 37:4ರಲ್ಲಿ ಒಂದು ಸಣ್ಣ ಸಾಲು ಇದೆ. ಯೋಸೇಫನ ಅಣ್ಣಂದಿರಿಗೆ ಅವನ ಜೊತೆ ಸಮಾಧಾನವಾಗಿ ಮಾತಾಡಲು ಆಗಲಿಲ್ಲ. ಗುಂಡಿಗೆ ತಳ್ಳಿದ್ದು, 20 ಬೆಳ್ಳಿ ನಾಣ್ಯಕ್ಕೆ ಮಾರಿದ್ದು, ಅಂಗಿಯನ್ನು ರಕ್ತದಲ್ಲಿ ಅದ್ದಿದ್ದು ಎಲ್ಲ ಆಮೇಲೆ.

ಎರಡನೆಯ ಸಮುವೇಲ 13 ಇನ್ನೂ ಭಯಂಕರ. ಅರಸ ದಾವೀದನ ಮಗ ಅಮ್ನೋನ ತನ್ನ ಮಲತಂಗಿ ತಾಮಾರಳ ಮೇಲೆ ಅತ್ಯಾಚಾರ ಮಾಡುತ್ತಾನೆ. ದಾವೀದನಿಗೆ ಕೋಪ ಬಂತು ಎಂದು ಬರೆದಿದೆ. ಅವನು ಏನಾದರೂ ಮಾಡಿದ ಎಂದು ಬರೆದಿಲ್ಲ. ಅವಳ ಒಡಹುಟ್ಟಿದ ಅಣ್ಣ ಅಬ್ಷಾಲೋಮ ಅವಳಿಗೆ ಸುಮ್ಮನಿರು ಅನ್ನುತ್ತಾನೆ. ಅಮ್ನೋನನ ಜೊತೆ ಒಳ್ಳೆಯದನ್ನೂ ಆಡುವುದಿಲ್ಲ, ಕೆಟ್ಟದ್ದನ್ನೂ ಆಡುವುದಿಲ್ಲ. ಹೊರಗಿನಿಂದ ನೋಡಿದರೆ ಆ ಮನೆಯಲ್ಲಿ ಜಗಳವೇ ಇಲ್ಲ! ಎರಡು ವರ್ಷ ಕಳೆದ ಮೇಲೆ ಅಬ್ಷಾಲೋಮ ಅಣ್ಣನನ್ನು ಕೊಲ್ಲಿಸುತ್ತಾನೆ. ಆಮೇಲೆ ಗೆಷೂರ್ ಎಂಬ ಬೇರೆ ರಾಜ್ಯಕ್ಕೆ ಓಡಿಹೋಗಿ ಮೂರು ವರ್ಷ ಅಲ್ಲೇ ಇದ್ದ. ದಾವೀದ ಅವನನ್ನು ಯೆರೂಸಲೇಮಿಗೆ ಕರೆಸಿಕೊಂಡರೂ ಎರಡು ವರ್ಷ ಮುಖ ತೋರಿಸುವುದಿಲ್ಲ. ಆಗ ಮಗ ಏನು ಮಾಡಿದ ಗೊತ್ತಾ? ದಾವೀದನ ಸೇನಾಪತಿ ಯೋವಾಬನಿಗೆ ಹೇಳಿಕಳಿಸಿದರೂ ಅವನು ಬರದೆ ಹೋದಾಗ ಅವನ ಜವೆಗೋಧಿ ಹೊಲಕ್ಕೆ ಬೆಂಕಿ ಹಚ್ಚಿಸಿದ. ಉತ್ತರ ಕೊಡಿ ಎಂದು ಕೇಳುವ ಬೇರೆ ದಾರಿ ಅವನಿಗೆ ಉಳಿದಿರಲಿಲ್ಲ.

ಹಾಗಾಗಿ "ನಮ್ಮ ಮನೆಯಲ್ಲಿ ಜಗಳ ಇಲ್ಲ, ನಾವು ಮಾತೇ ಆಡುವುದಿಲ್ಲ" ಎಂದು ಯಾರಾದರೂ ಸಮಾಧಾನದಿಂದ ಹೇಳಿದರೆ ನನಗೆ ಗಾಬರಿಯಾಗುತ್ತದೆ. ಮಾತು ಯಾವ ದಿನ, ಯಾವ ವಿಷಯಕ್ಕೆ ನಿಂತಿತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ನಿಮಗೆ ಆದದ್ದು ಒಂದು ಕಡೆ, ನೀವು ಮಾಡಿದ್ದು ಇನ್ನೊಂದು ಕಡೆ. ಎರಡನೆಯದು ಖಾಲಿ ಉಳಿದರೆ ಮತ್ತಾಯ 7:3ರಿಂದ 5, ಕಣ್ಣಿನೊಳಗಿನ ತೊಲೆಯ ಮಾತು, ಓದಿ ಮತ್ತೆ ಬರೆಯಲು ಕೂರಿ.

ನೇರವಾಗಿ ಆ ವ್ಯಕ್ತಿಯ ಹತ್ತಿರವೇ ಹೋಗಿ

ಯಾರು ಮೊದಲು ಹೋಗಬೇಕು? ಯೇಸುವಿನ ಎರಡು ಮಾತುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮತ್ತಾಯ 5:23, 24: ನಿನ್ನ ಸಹೋದರನಿಗೆ ನಿನ್ನ ಮೇಲೆ ಬೇಸರ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು. ಮತ್ತಾಯ 18:15: ನಿನ್ನ ಸಹೋದರ ನಿನಗೆ ತಪ್ಪು ಮಾಡಿದರೆ ಹೋಗಿ ಅವನೊಬ್ಬನೇ ಇರುವಾಗ ಹೇಳು. ತಪ್ಪು ನಿಮ್ಮದಾದರೂ ನೀವೇ ಹೋಗಬೇಕು, ಅವರದಾದರೂ ನೀವೇ ಹೋಗಬೇಕು. "ಅವರೇ ಬರಲಿ" ಎಂದು ಕಾಯುವುದಕ್ಕೆ ಜಾಗವೇ ಉಳಿಯಲಿಲ್ಲ ಅಲ್ವಾ?

ಯಾರ ಮೂಲಕವೂ ಹೇಳಿಕಳಿಸಬೇಡಿ ಎಂಬುದು ಅಲ್ಲೇ ಇದೆ. ನಮ್ಮ ಮನೆಯ ಮಾತು ಹೇಳುತ್ತೇನೆ. ಅಮ್ಮ ತೀರಿಕೊಂಡ ಮೇಲೆ ಅಣ್ಣ, ಅಕ್ಕ ಮಾತು ಬಿಟ್ಟರು. ಅಮ್ಮನ ಕೊನೆಯ ದಿನಗಳಲ್ಲಿ ಯಾರು ಎಷ್ಟು ನೋಡಿಕೊಂಡರು ಎಂಬುದು ವಿಷಯ. ನಾನು ಕೊನೆಯವಳು. "ಅವಳಿಗೆ ಹೇಳು" ಎಂದು ಅಣ್ಣ. "ಅವನಿಗೆ ತಿಳಿಸು" ಎಂದು ಅಕ್ಕ. ಈ 18ನೇ ಅಧ್ಯಾಯ ಪಾಠ ಮಾಡಲು ಓದುತ್ತಿದ್ದಾಗ ನನಗೆ ನಮ್ಮ ಮನೆ ಕಣ್ಣ ಮುಂದೆ ಬಂತು. ಇಬ್ಬರಿಗೂ ಹೇಳಿದೆ: "ನೀವು ಹೇಳಿದ್ದನ್ನು ಕೇಳಿಸಿಕೊಳ್ಳುತ್ತೇನೆ. ಆದರೆ ಆಚೆ ಕಡೆಗೆ ಸಾಗಿಸುವುದಿಲ್ಲ." ಅಣ್ಣನಿಗೆ ಕೋಪ ಬಂತು. ಸ್ವಲ್ಪ ಕಾಲ ನನ್ನ ಜೊತೆಯೂ ಮಾತು ಕಡಿಮೆಯಾಯಿತು. ಕೊನೆಗೆ ಅಕ್ಕನೇ ಅವನಿಗೆ ಫೋನ್ ಮಾಡಿದಳು. ಅಮ್ಮನ ಔಷಧಿ ಚೀಟಿಗಳನ್ನೆಲ್ಲ ಇಟ್ಟುಕೊಂಡಿದ್ದಳು. ಅವನ್ನು ಏನು ಮಾಡಲಿ ಎಂದು ಕೇಳಿದಳಂತೆ. ಆ ದಿನ ಜಗಳದ ವಿಷಯ ಇಬ್ಬರೂ ಎತ್ತಲಿಲ್ಲ. ಅದು ಬಂದದ್ದು ಆಮೇಲೆ, ಎದುರು ಕೂತಾಗ.

ನೀವು ಮನೆಯಲ್ಲಿ ನನ್ನಂಥ ನಡುವಿನವರಾದರೆ ಜ್ಞಾನೋಕ್ತಿ 26:20 ನೆನಪಿಡಿ: ಸೌದೆ ಇಲ್ಲದಿದ್ದರೆ ಬೆಂಕಿ ಆರುತ್ತದೆ, ಚಾಡಿ ಹೇಳುವವರಿಲ್ಲದಿದ್ದರೆ ಜಗಳ ಆರುತ್ತದೆ. ಮಾರ್ಥಳೂ ಯೇಸುವಿನ ಹತ್ತಿರ ಹೋಗಿ "ನನಗೆ ಸಹಾಯ ಮಾಡಲು ಅವಳಿಗೆ ಹೇಳು" ಎಂದಳು. ಯೇಸು ಆ ಮಾತನ್ನು ಮರಿಯಳಿಗೆ ದಾಟಿಸಲಿಲ್ಲ. ಮಾರ್ಥಳ ಜೊತೆಯೇ, ಅವಳ ಹೆಸರನ್ನು ಎರಡು ಸಲ ಕರೆದು, ಅವಳ ಚಿಂತೆಯ ಬಗ್ಗೆಯೇ ಮಾತಾಡಿದ.

ಮೊದಲ ಸಂದೇಶ ಚಿಕ್ಕದಾಗಿರಲಿ. ನಾನು ಬರೆಸುವುದು ಹೀಗೆ: "ಅಣ್ಣಾ, ನಿನ್ನ ಹತ್ತಿರ ಮಾತಾಡಬೇಕು. ಬೇರೆ ಯಾರೂ ಬೇಡ, ನಾವಿಬ್ಬರೇ. ಯಾವತ್ತು ಆಗುತ್ತೆ ಹೇಳು." ಅಷ್ಟೇ. ಆರೋಪವನ್ನು ಫೋನ್ ಸಂದೇಶದಲ್ಲಿ ಬರೆಯಬೇಡಿ. ಮನೆಯವರ ಗ್ರೂಪಿನಲ್ಲಿ ಖಂಡಿತ ಬೇಡ. ಒಬ್ಬನೇ ಇರುವಾಗ ಹೇಳು ಎಂದರೆ ಅದರಲ್ಲಿ ಇದೂ ಸೇರಿತು.

ಎದುರು ಕೂತ ಮೇಲೆ ಮೊದಲು ಕೇಳಿಸಿಕೊಳ್ಳಿ. ಕೇಳುವ ಮುಂಚೆ ಉತ್ತರ ಕೊಡುವುದು ಮೂರ್ಖತನ ಅನ್ನುತ್ತದೆ ಜ್ಞಾನೋಕ್ತಿ 18:13. ಅದೇ ಅಧ್ಯಾಯದ 17ನೇ ವಚನ ನನಗೆ ತುಂಬ ಇಷ್ಟ: ಮೊದಲು ವಾದಿಸಿದವನು ಸರಿ ಎಂದು ಕಾಣುತ್ತಾನೆ, ಇನ್ನೊಬ್ಬ ಬಂದು ಪ್ರಶ್ನೆ ಕೇಳುವವರೆಗೆ. ನಾವು ಮನಸ್ಸಿನಲ್ಲೇ ವಾದ ಮಾಡಿ ಗೆದ್ದಿರುತ್ತೇವಲ್ಲ, ಅಲ್ಲಿ ಇನ್ನೊಬ್ಬರು ಇರುವುದೇ ಇಲ್ಲ. ಧ್ವನಿ ಏರುತ್ತಿದೆ ಎನಿಸಿದರೆ ನಿಲ್ಲಿಸಿ ಇನ್ನೊಂದು ದಿನ ಇಟ್ಟುಕೊಳ್ಳಿ. ಜಗಳ ಕಟ್ಟೆ ಒಡೆಯುವ ಮುಂಚೆ ಬಿಟ್ಟುಬಿಡು ಎಂದು 17:14 ಹೇಳುತ್ತದೆ.

ಹಾಗಾದರೆ ಸೂರ್ಯ ಮುಳುಗುವ ಮುಂಚೆ ಕೋಪ ತೀರಿಸಿಕೊಳ್ಳಿ ಎಂದು ಎಫೆಸ 4:26 ಹೇಳುತ್ತದಲ್ಲ ಎಂದು ಕೇಳುತ್ತಾರೆ. ರಾತ್ರಿಯೆಲ್ಲ ಕೂತು ವಾದ ಮುಗಿಸಿ ಎಂದು ನಾನು ಅದನ್ನು ಓದುವುದಿಲ್ಲ. ಕೋಪವನ್ನು ಕಾಪಾಡಿ ಇಟ್ಟುಕೊಳ್ಳಬೇಡಿ ಎಂದು ಓದುತ್ತೇನೆ. "ನಾಳೆ ಮಾತಾಡೋಣ, ನಾನೆಲ್ಲೂ ಹೋಗಲ್ಲ" ಎಂದು ಹೇಳಿ ಮಲಗುವುದರಿಂದ ಆ ವಚನ ಮುರಿಯುವುದಿಲ್ಲ.

ಇಬ್ಬರೇ ಕೂತು ಆಗದಿದ್ದರೆ ಮಾತ್ರ ಒಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗಿ. ಇಬ್ಬರ ಮಾತನ್ನೂ ಕೇಳುವವರಾಗಿರಲಿ. ನಿಮ್ಮ ಪಕ್ಷದವರನ್ನು ಕರೆದೊಯ್ದರೆ ಅದು ಸಾಕ್ಷಿಯಲ್ಲ, ದಂಡು.

ಕ್ಷಮೆ ಬೇರೆ, ನಂಬಿಕೆ ಬೇರೆ

ಯೋಸೇಫನನ್ನು ಮಾರಿದಾಗ ಅವನಿಗೆ 17 ವರ್ಷ. ಐಗುಪ್ತದ, ಅಂದರೆ ಈಜಿಪ್ಟಿನ, ಅರಸ ಫರೋಹನ ಮುಂದೆ ನಿಂತು ದೇಶದ ಅಧಿಕಾರಿಯಾದಾಗ 30. ಏಳು ವರ್ಷ ಸುಭಿಕ್ಷ, ಎರಡು ವರ್ಷ ಬರ ಕಳೆದ ಮೇಲೆ ಅವನು ಅಣ್ಣಂದಿರಿಗೆ ತಾನು ಯಾರೆಂದು ಹೇಳುತ್ತಾನೆ. ಅಂದರೆ ಸುಮಾರು 22 ವರ್ಷ. ಬರದಲ್ಲಿ ಧಾನ್ಯಕ್ಕಾಗಿ ಅವರು ಬಂದು ಅಡ್ಡಬಿದ್ದ ತಕ್ಷಣ ತಬ್ಬಿಕೊಳ್ಳಲಿಲ್ಲ. ಅವರಲ್ಲಿ ಒಬ್ಬನಾದ ಸಿಮೆಯೋನನನ್ನು ಹಿಡಿದಿಟ್ಟುಕೊಂಡ. ಮನೆಯಲ್ಲಿ ಉಳಿದಿದ್ದ ಕೊನೆಯ ತಮ್ಮ ಬೆನ್ಯಾಮೀನನನ್ನು ಕರೆತರಲು ಹೇಳಿದ. ಬೆನ್ಯಾಮೀನನ ಚೀಲದಲ್ಲಿ ತನ್ನ ಬೆಳ್ಳಿ ಬಟ್ಟಲು ಇಡಿಸಿ, ಅವನನ್ನು ಗುಲಾಮನಾಗಿ ಇಟ್ಟುಕೊಳ್ಳುತ್ತೇನೆ ಎಂದ.

ಇದನ್ನು ಸೇಡು ಎಂದು ಓದುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅಂದು ಅಪ್ಪನ ಮುದ್ದಿನ ಮಗನನ್ನು ಬಿಟ್ಟುಕೊಟ್ಟು ತಾವು ಮನೆಗೆ ಹೋದರು. ಈಗ ಮತ್ತೆ ಅಪ್ಪನ ಮುದ್ದಿನ ಮಗ ಸಿಕ್ಕಿಬಿದ್ದಿದ್ದಾನೆ. ಬಿಟ್ಟುಹೋಗಲು ಅವಕಾಶ ಇದೆ. ಯೆಹೂದ ಮುಂದೆ ಬರುತ್ತಾನೆ. ಯೋಸೇಫನನ್ನು ಮಾರೋಣ ಎಂದವನೇ ಅವನು. ಅಪ್ಪನಿಗೆ ಈ ಹುಡುಗನ ಮೇಲೆ ಪ್ರಾಣ, ಅವನ ಬದಲು ನನ್ನನ್ನು ಇಟ್ಟುಕೋ ಅನ್ನುತ್ತಾನೆ. ಅಪ್ಪನ ಪಕ್ಷಪಾತ ಹಾಗೇ ಇದೆ, ಯೆಹೂದ ಬದಲಾಗಿದ್ದಾನೆ. ಆಗ ಯೋಸೇಫನಿಗೆ ತಡೆಯಲಾಗುವುದಿಲ್ಲ. ಎಲ್ಲರನ್ನೂ ಹೊರಗೆ ಕಳಿಸುತ್ತಾನೆ. ಅಣ್ಣಂದಿರ ಮಾನ ಆಳುಗಳ ಮುಂದೆ ಹೋಗಬಾರದು. "ನೀವು ಮಾರಿದ ಯೋಸೇಫ ನಾನೇ" ಎಂದು ಹೇಳುತ್ತಾನೆ. ಅವರು ಮಾಡಿದ್ದನ್ನು ಮುಚ್ಚುವುದಿಲ್ಲ. ಎಲ್ಲರನ್ನೂ ತಬ್ಬಿ ಅಳುತ್ತಾನೆ. ಆಮೇಲೆ 45:15: ಅಣ್ಣಂದಿರು ಅವನ ಜೊತೆ ಮಾತಾಡಿದರು. 37:4ರಲ್ಲಿ ನಿಂತ ಮಾತು ಇಲ್ಲಿ ಮತ್ತೆ ಶುರುವಾಯಿತು. ಈ ಎರಡು ವಚನಗಳಿಗೂ ಗೆರೆ ಹಾಕಿಕೊಳ್ಳಿ.

ಇದರಿಂದ ನಿಮಗೆ ಬೇಕಾದದ್ದು ಇಷ್ಟು. ಮನಸ್ಸಿನಲ್ಲಿ ದ್ವೇಷ ಬಿಡುವುದು ನೀವೊಬ್ಬರೇ ಮಾಡಬಹುದಾದ ಕೆಲಸ. ಮತ್ತೆ ನಂಬುವುದಕ್ಕೆ ಎದುರಿನವರು ಬದಲಾಗಿರಬೇಕು, ಅದು ನಡತೆಯಲ್ಲಿ ಕಾಣಬೇಕು. ಲೂಕ 17:3ರಲ್ಲಿ ಯೇಸುವೂ ಮೊದಲು ಅವನಿಗೆ ತಪ್ಪನ್ನು ಹೇಳು, ಅವನು ಮನಸ್ಸು ತಿರುಗಿಸಿದರೆ ಕ್ಷಮಿಸು ಅನ್ನುತ್ತಾನೆ. ಸಾಲ ತೆಗೆದುಕೊಂಡು ಮೋಸ ಮಾಡಿದ ತಮ್ಮನನ್ನು ಕ್ಷಮಿಸಿ, ಆದರೆ ಮತ್ತೆ ಸಾಲ ಕೊಡದೆ ಇರಬಹುದು. ಅದಕ್ಕೆ ಅಪರಾಧಿ ಭಾವ ಬೇಡ.

ಇನ್ನೊಂದು ವಿಷಯ. ಯೋಸೇಫನ ಅಪ್ಪ ಯಾಕೋಬ ಐಗುಪ್ತದಲ್ಲಿ 17 ವರ್ಷ ಬದುಕಿ ತೀರಿಕೊಂಡಾಗ ಅಣ್ಣಂದಿರಿಗೆ ಮತ್ತೆ ಭಯ: ಈಗ ಸೇಡು ತೀರಿಸಿಕೊಂಡರೆ? ಯೋಸೇಫ ಅಳುತ್ತಾನೆ, ಮತ್ತೆ ಮೊದಲಿನಿಂದ ಸಮಾಧಾನ ಹೇಳುತ್ತಾನೆ. ಒಮ್ಮೆ ಮಾತಾಡಿ ಮುಗಿಸಿದೆವು ಎಂದುಕೊಳ್ಳಬೇಡಿ. ಸಾವಿನ ಮನೆಯಲ್ಲಿ, ಮದುವೆಯಲ್ಲಿ ಹಳೆಯ ಭಯ ತಲೆ ಎತ್ತುತ್ತದೆ. ಅದೇ ಮಾತನ್ನು ಮತ್ತೆ ಹೇಳಬೇಕಾಗುತ್ತದೆ.

ಆಸ್ತಿಯ ಮಾತು

ಲೂಕ 12ರಲ್ಲಿ ಒಬ್ಬ ಬಂದು, ಪಾಲು ಕೊಡುವಂತೆ ನನ್ನ ಅಣ್ಣನಿಗೆ ಹೇಳು ಎಂದು ಯೇಸುವನ್ನು ಕೇಳುತ್ತಾನೆ. ನನ್ನನ್ನು ನಿಮ್ಮ ನ್ಯಾಯಾಧೀಶನಾಗಿ ಮಾಡಿದವರು ಯಾರು ಎಂದು ಯೇಸು ಕೇಳಿ, ದುರಾಸೆಯ ಬಗ್ಗೆ ಎಚ್ಚರಿಸುತ್ತಾನೆ. ಇದರಿಂದ ನಾನು ಕಲಿತದ್ದು: ಕಾಗದಪತ್ರದ ಪ್ರಶ್ನೆಯನ್ನೂ ಮನಸ್ಸಿನ ಪ್ರಶ್ನೆಯನ್ನೂ ಒಂದೇ ದಿನ, ಒಂದೇ ಮೇಜಿನ ಮೇಲೆ ಇಡಬೇಡಿ. ಪಾಲಿನ ಲೆಕ್ಕಕ್ಕೆ ಕಾನೂನು ಗೊತ್ತಿರುವವರ ಹತ್ತಿರ ಹೋಗಿ. ನೋವಿಗೆ ಬೇರೆ ದಿನ ಕೂರಿ.

ಪಾಲು ಕೇಳುವುದೇ ದುರಾಸೆ ಎಂದು ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವವರು ಅರಣ್ಯಕಾಂಡ 27 ಓದಬೇಕು. ಗಂಡುಮಕ್ಕಳಿಲ್ಲದೆ ಸತ್ತ ಚೆಲೋಫಹಾದನ ಐದು ಹೆಣ್ಣುಮಕ್ಕಳು ಮೋಶೆಯ ಮುಂದೆ, ಎಲ್ಲರೂ ನೋಡುತ್ತಿರುವಾಗ ನಿಂತು ತಂದೆಯ ಪಾಲು ಕೇಳಿದರು. ಅವರು ಹೇಳುವುದು ಸರಿ ಎಂದು ದೇವರು ಹೇಳಿದ. ಬಿಟ್ಟುಕೊಡುವುದಾದರೆ ಅಬ್ರಾಮನ ಹಾಗೆ ಬಿಟ್ಟುಕೊಡಿ. ದೊಡ್ಡವನಾಗಿದ್ದರೂ ಮೊದಲು ಆರಿಸಿಕೊಳ್ಳಲು ಲೋಟನಿಗೆ ಬಿಟ್ಟ. ಮುಂದೆ ಲೋಟ ಸೆರೆಯಾದಾಗ 318 ಜನರನ್ನು ಕರೆದುಕೊಂಡು ಹೋಗಿ ಬಿಡಿಸಿಕೊಂಡು ಬಂದ. ಕೊಟ್ಟ ಮೇಲೆ ಹಲ್ಲು ಕಚ್ಚಿಕೊಂಡು ಇರುವುದಾದರೆ ಕೊಡಬೇಡಿ, ಕೇಳಿ ಪಡೆಯಿರಿ.

ಹೊಡೆಯುವವರ ಮನೆಯಲ್ಲಿ ಈ ದಾರಿ ಬೇಡ

ಇಲ್ಲಿವರೆಗೆ ಹೇಳಿದ್ದು ಮಾತಾಡಿದರೆ ಪ್ರಾಣಕ್ಕೆ ಅಪಾಯವಿಲ್ಲದ ಮನೆಗಳಿಗೆ. ಹೊಡೆತ, ಲೈಂಗಿಕ ದೌರ್ಜನ್ಯ, ಕೊಲ್ಲುವ ಬೆದರಿಕೆ ಇರುವಲ್ಲಿ "ಒಬ್ಬನೇ ಇರುವಾಗ ಹೋಗಿ ಹೇಳು" ಎಂಬುದನ್ನು ಹಿಡಿದು ಹೋಗಬೇಡಿ. ತಾಮಾರಳಿಗೆ ಸುಮ್ಮನಿರು ಎಂದದ್ದರ ಫಲ ನೋಡಿದಿರಿ.

ದಾವೀದನ ಮಾವ ಅರಸ ಸೌಲ. ಅವನು ಅಳಿಯನ ಮೇಲೆ ಈಟಿ ಎಸೆದ. ದಾವೀದನ ಹೆಂಡತಿ ಮೀಕಲಳು ಗಂಡನನ್ನು ಕಿಟಕಿಯಿಂದ ಇಳಿಸಿ ಓಡಿಸಿದಳು. ದಾವೀದ ಸೇಡು ತೀರಿಸಿಕೊಳ್ಳಲಿಲ್ಲ, ಸಿಕ್ಕಿದ ಅವಕಾಶದಲ್ಲೂ ಕೊಲ್ಲಲಿಲ್ಲ. ಆದರೆ ಒಂದನೆಯ ಸಮುವೇಲ 26ರಲ್ಲಿ ಅವನು ಸೌಲನ ಜೊತೆ ಮಾತಾಡುವುದು ದೂರದ ಬೆಟ್ಟದ ತುದಿಯಿಂದ, ನಡುವೆ ತುಂಬ ಅಂತರ ಇಟ್ಟುಕೊಂಡು. "ಮಗನೇ, ತಿರುಗಿ ಬಾ, ಇನ್ನು ನಿನಗೆ ಕೇಡು ಮಾಡುವುದಿಲ್ಲ" ಎಂದು ಸೌಲ ಕರೆಯುತ್ತಾನೆ. ದಾವೀದ ಹೋಗುವುದಿಲ್ಲ. ತನ್ನ ದಾರಿ ಹಿಡಿಯುತ್ತಾನೆ. ಓಡಿಹೋಗುವುದು ಅಪನಂಬಿಕೆಯಲ್ಲ. ಸುರಕ್ಷಿತ ಜಾಗಕ್ಕೆ ಹೋಗಿ, ಪೊಲೀಸರಿಗೆ ತಿಳಿಸಿ, ನಂಬುವ ಒಬ್ಬರಿಗೆ ಎಲ್ಲ ಹೇಳಿ. ಸಭೆಯ ಹಿರಿಯರು "ವಾಪಸ್ ಹೋಗಿ ಪ್ರಾರ್ಥನೆ ಮಾಡು" ಎಂದರೆ ಅವರಿಗೆ ಈ ಅಧ್ಯಾಯ ತೆಗೆದು ತೋರಿಸಿ.

ಉತ್ತರ ಬಾರದಿದ್ದರೆ

ಸಾಧ್ಯವಾದರೆ, ನಿಮ್ಮಿಂದ ಆಗುವಷ್ಟು, ಎಲ್ಲರ ಜೊತೆ ಸಮಾಧಾನವಾಗಿರಿ ಎಂದು ರೋಮಾ 12:18ರಲ್ಲಿ ಇದೆ. ಸಾಧ್ಯವಾಗದೆಯೂ ಇರಬಹುದು ಎಂಬುದು ಪೌಲನಿಗೆ ಗೊತ್ತಿತ್ತು. ತನಗೆ ಮೋಸ ಮಾಡಿದ್ದ ತಮ್ಮ ಯಾಕೋಬನನ್ನು ಏಸಾವ ಓಡಿ ಬಂದು ತಬ್ಬಿ ಅತ್ತ. ಆದರೂ ಅಣ್ಣ ಸೇಯೀರಿಗೆ ಹೋದ, ತಮ್ಮ ಸುಕ್ಕೋತಿಗೆ ಹೋದ. ಮುಂದೆ ತಂದೆಯನ್ನು ಹೂಳುವಾಗ ಇಬ್ಬರೂ ಒಟ್ಟಿಗೆ ಇದ್ದರು. ಅಷ್ಟು ಸಂಬಂಧ ಉಳಿದರೂ ಅದು ಸಂಬಂಧವೇ.

ಯೇಸುವಿನ ಮನೆಯವರೇ ಅವನಿಗೆ ಬುದ್ಧಿ ಕೆಟ್ಟಿದೆ ಎಂದು ಹಿಡಿದುಕೊಂಡು ಹೋಗಲು ಬಂದಿದ್ದರು ಎಂದು ಮಾರ್ಕ 3 ಹೇಳುತ್ತದೆ. ತಮ್ಮಂದಿರು ಅವನನ್ನು ನಂಬಲಿಲ್ಲ ಎಂದು ಯೋಹಾನ 7:5. ಅವರಿಗಾಗಿ ಅವನು ತನ್ನ ಕೆಲಸ ನಿಲ್ಲಿಸಲಿಲ್ಲ. ಅವರನ್ನು ಬಿಟ್ಟೂ ಬಿಡಲಿಲ್ಲ. ಅಪೊಸ್ತಲರ ಕೃತ್ಯಗಳು 1:14ರಲ್ಲಿ ಅದೇ ತಮ್ಮಂದಿರು ಶಿಷ್ಯರ ಜೊತೆ ಪ್ರಾರ್ಥನೆಗೆ ಕೂತಿದ್ದಾರೆ.

ನಿಮ್ಮ ಸಂದೇಶಕ್ಕೆ ಉತ್ತರ ಬರದಿದ್ದರೆ ದಿನವೂ ಕಳಿಸಿ ಪೀಡಿಸಬೇಡಿ. ನಂಬರ್ ಅಳಿಸಲೂ ಬೇಡಿ. ಅವರ ಹುಟ್ಟಿದ ದಿನಕ್ಕೆ, ಅವರ ಮಗುವಿನ ಪರೀಕ್ಷೆಗೆ, ಅವರು ಹುಷಾರಿಲ್ಲ ಎಂದು ಕೇಳಿದಾಗ ಎರಡು ಸಾಲು ಬರೆಯಿರಿ. ಅದರಲ್ಲಿ ಹಳೆಯ ವಿಷಯ ಬೇಡ. ಉತ್ತರ ಕೊಡು ಎಂದೂ ಕೇಳಬೇಡಿ. ಪ್ರಾರ್ಥನೆಯಲ್ಲಿ ಅವರ ಹೆಸರು ಹೇಳುವಾಗ, ಅವರನ್ನು ಸರಿಮಾಡು ಎಂದು ಕೇಳುವ ಮುಂಚೆ ಅವರಿಗೆ ಈಗ ಏನು ಬೇಕಾಗಿದೆಯೋ ಅದನ್ನು ಕೇಳಿ. ಏನು ಬೇಕಾಗಿದೆ ಎಂದು ಗೊತ್ತಿಲ್ಲದಿದ್ದರೆ, ಮುಂದಿನ ಸಂದೇಶದಲ್ಲಿ ಅದನ್ನೇ ಕೇಳಬಹುದು.